ಕ್ಲೋರೋಪ್ಲಾಸ್ಟಿಗೆ ಬಿದ್ದ ಇಸ್ತ್ರಿ

ಇವತ್ತಿನ ಪಾಠ ಚೆನ್ನಾಗಿ ನಡೆದರೆ ಕೆಲಸ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ಜೀವಶಾಸ್ತ್ರದ ಮೇಡಂ ಎರಡು ವರ್ಷದಿಂದ ಈ ತಕ್ಕಡಿಯಲ್ಲೇ ಕೂತಿದ್ದರು. ತೂಗಬೇಕಾದ ಶಾಲಾ ಇನ್‌ಸ್ಪೆಕ್ಟರು ಹುಡುಗಿಯರ ಹಿಂದೆ ಕೊನೆಯ ಬೆಂಚಿನಲ್ಲಿ ಬಂದು ಕುಳಿತಿದ್ದರು. ತಕರಾರು ತೆಗೆಯುವ ಮೊದಲು ಎರಡು ಸಲ ಕೆಮ್ಮುವುದು ಅವರ ಪದ್ಧತಿ. ಆ ಕೆಮ್ಮನ್ನು ಮೇಡಂ ಸ್ಟಾಫ್‌ ರೂಮಿನಲ್ಲಿ ಅಣಕಿಸಿ ಅಣಕಿಸಿ ತಮ್ಮ ಗಂಟಲನ್ನೇ ಕೆಡಿಸಿಕೊಂಡಿದ್ದರು.

ವಿಷಯ, ಎಲೆಯೊಳಗೆ ಕೂತು ಬಿಸಿಲು ನುಂಗಿ ಸಕ್ಕರೆ ಕಾರುವ ಕ್ಲೋರೋಪ್ಲಾಸ್ಟ್. ಅದರ ಮಾದರಿ ಹೊಲಿದುಕೊಟ್ಟವರು ದರ್ಜಿಯಾದ ಮಾವ. ಅಂಗಿಯೊಳಗೆ ಬನಿಯನ್ ಇದ್ದಂತೆ ಎರಡು ಪದರದ ಚೀಲ; ಒಳಗೆ ಸ್ಪಂಜು ತುಂಬಿದ ಹಸಿರು ಬಿಲ್ಲೆಗಳು, ಒಂದರ ಮೇಲೊಂದು ಪೇರಿಸಿ ಹೊಲಿದ ಆರು ಗೋಪುರಗಳು. ನಿನ್ನೆ ನೋಡಿದಾಗ ಮುದ್ದಾಗಿತ್ತು.

ಈಗ ಪೊಟ್ಟಣ ಬಿಚ್ಚಿದರೆ, ಕಾಲೊರಸು. ನಲವತ್ತು ವರ್ಷದಲ್ಲಿ ಮಾವನ ಅಂಗಡಿಯಿಂದ ಇಸ್ತ್ರಿ ಬೀಳದೆ ಹೊರಗೆ ಹೋದ ಬಟ್ಟೆ ಒಂದೂ ಇಲ್ಲ. ಕ್ಲೋರೋಪ್ಲಾಸ್ಟಿಗೂ ರಿಯಾಯಿತಿ ಸಿಕ್ಕಿರಲಿಲ್ಲ. ಸ್ಪಂಜು ಕರಗಿ ಆರೂ ಗೋಪುರ ನೆಲಸಮ.

ಹಿಂದಿನ ಬೆಂಚು ಎರಡು ಸಲ ಕೆಮ್ಮಿತು. “ಎಲೆಯೊಳಗೂ ಇದು ಹೀಗೇ ಚಪ್ಪಟೆಯಾಗಿರುತ್ತಾ ಮೇಡಂ?”

ಮೇಡಂ ಬಾಯಿಗಿಂತ ಮೊದಲು ಕೈ ಓಡಿತು. ಹೊಲಿಗೆ ಕಿತ್ತು, ಅಂಟಿಕೊಂಡ ಬಿಲ್ಲೆಗಳನ್ನು ಒಂದೊಂದಾಗಿ ಸುಲಿದು ಮೇಜಿನ ಮೇಲೆ ಹರಡಿತು. ಮೇಜು ತುಂಬಿತು. ಮುಂದಿನ ಬೆಂಚೂ ತುಂಬಿತು. ಉಳಿದೆರಡನ್ನು ಮೇಡಂ ಒಯ್ದು ಇನ್‌ಸ್ಪೆಕ್ಟರ ಎರಡು ಮೊಣಕಾಲಿನ ಮೇಲಿಟ್ಟರು.

“ಬಿಸಿಲು ಹಿಡಿಯೋ ಹಸಿರು ಇರೋದು ಈ ಬಿಲ್ಲೆಗಳ ಪೊರೇಲಿ ಸರ್. ಹೀಗೆ ಹರಡಿ ಕೂತ್ರೆ ನಿಮ್ಮ ಮೊಣಕಾಲೂ ಬೇಕಾಗುತ್ತೆ. ಗಿಡ ಯಾರ ಮೊಣಕಾಲು ಹುಡುಕ್ಕೊಂಡು ಹೋಗ್ಬೇಕು? ಅದಕ್ಕೇ ಪೇರಿಸಿಟ್ಟಿದೆ.”

ಹುಡುಗಿಯರು ಮೇಜು, ಬೆಂಚಿನ ಮೇಲಿನ ಬಿಲ್ಲೆಗಳನ್ನು ಆರಿಸಿ ಪೇರಿಸಿದರು. ಅಷ್ಟೂ ಚೀಲದಲ್ಲಿ ಹಿಡಿಸಿ ಜಾಗವೂ ಉಳಿಯಿತು. ಆ ಜಾಗದಲ್ಲಿ ತುಂಬಿರುವ ದ್ರವದಲ್ಲೇ ಸಕ್ಕರೆ ತಯಾರಾಗುವುದು, ಅದಕ್ಕೆ ಬೇಕಾದ ಶಕ್ತಿಯನ್ನು ಬಿಲ್ಲೆಗಳು ಬಿಸಿಲಿನಿಂದ ದುಡಿದು ಕೊಡುತ್ತವೆ ಎಂದು ಮೇಡಂ ಪಾಠ ಮುಗಿಸಿದರು. ಇನ್‌ಸ್ಪೆಕ್ಟರು ತಾವೇ ಎದ್ದು ಬಂದು ತಮ್ಮ ಪಾಲಿನ ಎರಡನ್ನೂ ಒಳಗೆ ತುರುಕಿದರು. ಕೆಮ್ಮಲಿಲ್ಲ. ‘ಮಾದರಿ ಹಾಳಾಗಿದೆ. ಪಾಠ ಗಟ್ಟಿಯಾಗಿದೆ. ಕಾಯಂ ಮಾಡಬಹುದು’ ಎಂದು ಬರೆದು ಸಹಿ ಹಾಕಿದರು.

ಸಂಜೆ ಅಂಗಡಿಗೆ ಹೋಗಿ ಸುದ್ದಿ ಹೇಳಿದಾಗ ಮಾವ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

“ಎಲ್ಲಾದ್ರೂ ಒಂದು ಸುಕ್ಕು ಕಾಣಿಸ್ತೇನಮ್ಮಾ ಅವರಿಗೆ?”

“ಇಲ್ಲ ಮಾವ.”

“ಮತ್ತೆ? ಕಾಯಂ ಮಾಡ್ದೆ ಏನ್ಮಾಡ್ತಾರೆ.”