ಮೂವತ್ತು ಹೆಜ್ಜೆ ದೂರ

ಅಂಚೆಯಣ್ಣ ಔಷಧಿ ಅಂಗಡಿಗೆ ಬಂದದ್ದು ರಕ್ತದೊತ್ತಡದ ಮಾತ್ರೆಗೆ. ಮಾತ್ರೆ ಜೇಬಿಗೆ ಸೇರಿದ ಮೇಲೂ ಹೊರಡದೆ, ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ತೂಕದ ಯಂತ್ರದ ಪಕ್ಕ ನಿಂತಿದ್ದರು. ಆಮೇಲೆ ಕೌಂಟರಿನ ಮೇಲೆ ಬಾಗಿ ಮೆಲ್ಲಗೆ ಹೇಳಿದರು.

"ಬಂದಿದೆ."

"ಯಾವುದು?" ಅಂಗಡಿಯವಳು ಕೇಳಿದಳು.

"ಉದ್ದ ಕಿವಿ ಗೂಬೆ. ನೀರಿನ ಘಟಕದ ಹಿಂದೆ, ಗಾಳಿಮರದ ಸಾಲಲ್ಲಿ. ಹನ್ನೊಂದು ವರ್ಷ ಆಗಿತ್ತು ಅದರ ಮುಖ ನೋಡಿ. ನಿನಗೊಬ್ಬಳಿಗೇ ಹೇಳ್ತಿರೋದು."

ಅಂಚೆ ಕೆಲಸದಿಂದ ನಿವೃತ್ತರಾದ ಮೇಲೆ ಚಳಿಗಾಲವೆಂದರೆ ಅವರಿಗೆ ಹಕ್ಕಿಗಳೇ. ಊರಿನಲ್ಲಿ ಹಾಗೆ ಹಕ್ಕಿ ನೋಡುವವರು ಏಳು ಜನ. ಬಾತು, ಕೊಕ್ಕರೆ ಕಂಡರೆ ಯಾರು ಯಾರಿಗೆ ಬೇಕಾದರೂ ಹೇಳಬಹುದು. ಗೂಬೆಯ ಮಾತು ಬೇರೆ. ಸಾವಿರಾರು ಮೈಲಿ ಹಾರಿ ಬಂದ ಜೀವ, ಹಗಲೆಲ್ಲ ನಿದ್ದೆ ಮಾಡಬೇಕು. ಜನ ಮುತ್ತಿದರೆ ಎದ್ದು ಹಾರುತ್ತದೆ, ಹಗಲಲ್ಲಿ ಹಾರಿದರೆ ಕಾಗೆಗಳು ಬಿಡುವುದಿಲ್ಲ. ಅದಕ್ಕೇ ಅಂಚೆಯಣ್ಣನ ಕಟ್ಟಳೆ: ಕಂಡವರು ಒಬ್ಬರಿಗೆ ಮಾತ್ರ ಹೇಳಬೇಕು, ಅದೂ ಬಾಯಿಂದ, ಫೋನಿನಲ್ಲಿ ಬೇಡ. ಮೂವತ್ತು ಹೆಜ್ಜೆಗಿಂತ ಹತ್ತಿರ ಹೋಗಬಾರದು. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು.

"ಅಕ್ಕನ್ನ ಕರ್ಕೊಂಡು ಹೋಗ್ಲಾ?"

ಅವರು ತುಸು ಹೊತ್ತು ಯೋಚಿಸಿದರು. "ಬೇಡ ಅಂದ್ರೆ ಬಿಡ್ತೀಯಾ? ಹೋಗು. ಮೂವತ್ತು ಹೆಜ್ಜೆ, ನೆನಪಿರಲಿ."

ಅವಳಿಗೆ ಹಕ್ಕಿಗಳ ಹುಚ್ಚು ಹಿಡಿಸಿದ್ದೇ ಅಕ್ಕ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದ ಕಣ್ಣು ಅಕ್ಕನದು. ಒತ್ತಕ್ಷರ ತಪ್ಪಿದರೆ ಮೈಲಿ ದೂರದಿಂದ ಹಿಡಿಯುತ್ತಿದ್ದಳು. ಈಗ ಎರಡು ವರ್ಷದಿಂದ ಎರಡೂ ಕಣ್ಣಿನ ನಡುಮಧ್ಯೆ ಕಪ್ಪು ಕಲೆ. ಹೋದ ದೃಷ್ಟಿ ಮರಳುವುದಿಲ್ಲ ಎಂದಿದ್ದರು ವೈದ್ಯರು. "ಪುಟ್ಟಿ, ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ," ಎಂದು ಐವತ್ತೆರಡರ ತಂಗಿಗೆ ಹೇಳುತ್ತಿದ್ದಳು. "ಅಂಥ ನಷ್ಟವೇನಿಲ್ಲ ಬಿಡು."

ಭಾನುವಾರ ಬೆಳಿಗ್ಗೆ ಮಂಜು ಕರಗಿದ ಮೇಲೆ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಅಕ್ಕ ಖುಷಿಯಲ್ಲಿದ್ದಳು. "ಕಾಣದಿದ್ರೆ ನನ್ನ ಮೇಲೆ ಗೂಬೆ ಕೂರಿಸಬೇಡ ಮತ್ತೆ," ಎಂದು ನಕ್ಕಳು.

ಮೂರನೆಯ ಮರದಲ್ಲಿ, ಕಾಂಡಕ್ಕೆ ಒತ್ತಿಕೊಂಡು, ಮುರಿದ ಕೊಂಬೆಯ ಮೋಟಿನಂತೆ ಕೂತಿತ್ತು. ಪುಟ್ಟಿ ದುರ್ಬೀನು ಅಕ್ಕನ ಕೈಗಿತ್ತು, ಭುಜ ಹಿಡಿದು ಅತ್ತ ತಿರುಗಿಸಿದಳು. ಅಕ್ಕ ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಲ್ಲಿ ಹುಡುಕಿದಳು.

"ಮರ ಕಾಣ್ತಿದೆ. ನಡುವೆ ಬರೀ ಹೊಗೆ."

"ಸ್ವಲ್ಪ ಎಡಕ್ಕೆ."

"ಇಲ್ಲ ಪುಟ್ಟಿ." ದುರ್ಬೀನು ಕೆಳಗಿಳಿಸಿದಳು. "ಸಾಕು, ಹೋಗೋಣ. ನೀನು ನೋಡಿದೆಯಲ್ಲ."

ಅಕ್ಕ ಹಟ ಹಿಡಿದಿದ್ದರೆ ಪುಟ್ಟಿ ಒಪ್ಪುತ್ತಿರಲಿಲ್ಲವೇನೋ. ಆ 'ಸಾಕು' ಅವಳಿಗೆ ತಡೆಯಲಾಗಲಿಲ್ಲ. "ಇನ್ನೈದು ಹೆಜ್ಜೆ, ಅಷ್ಟೆ," ಎಂದು ಕೈ ಹಿಡಿದು ಮುಂದೆ ಕರೆದೊಯ್ದಳು. ಆಮೇಲೆ ಇನ್ನೈದು, ಮತ್ತೆ ಮತ್ತೆ ಇನ್ನೈದು. ನಿಂತಲ್ಲೆಲ್ಲ ಅಕ್ಕ ದುರ್ಬೀನು ಎತ್ತಿದಳು. ಹತ್ತು ಹೆಜ್ಜೆಯಷ್ಟು ದೂರ ಉಳಿದಾಗ ಗೂಬೆ ಕಣ್ಣು ಬಿಟ್ಟಿತು. ಮೈ ಸಣ್ಣಗೆ ಮಾಡಿ ಕಿವಿ ನಿಮಿರಿಸಿತು. ಅದು ಹೆದರಿಕೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಹೆಜ್ಜೆ ಇಟ್ಟಳು.

ಗೂಬೆ ಹಾರಿತು. ರೆಕ್ಕೆಯ ಸದ್ದೇ ಇಲ್ಲ. ನೀರಿನ ತೊಟ್ಟಿಯ ಮೇಲಿಂದ ಎರಡು ಕಾಗೆ ಕೂಗುತ್ತ ಬೆನ್ನು ಹತ್ತಿದವು, ಆಮೇಲೆ ಹತ್ತಾರು. ಕಟ್ಟಡದಾಚೆ ಮರೆಯಾಗುವವರೆಗೂ ಪುಟ್ಟಿ ನೋಡಿದಳು. ಅಕ್ಕ ಇನ್ನೂ ಬರಿದಾದ ಕೊಂಬೆಗೇ ದುರ್ಬೀನು ಹಿಡಿದಿದ್ದಳು.

"ಇದೆಯಾ ಇನ್ನೂ?"

"ಇದೆ," ಎಂದಳು ಪುಟ್ಟಿ.

ಅಕ್ಕ ಮತ್ತೆ ಕತ್ತು ಓರೆ ಮಾಡಿದಳು. "ಹ್ಞಾಂ, ಸಿಕ್ತು. ಎರಡೂ ಕಿವಿ ನೆಟ್ಟಗಿವೆ."

ಗುರುವಾರ ಅಂಚೆಯಣ್ಣ ಅಂಗಡಿಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಪುಟ್ಟಿ, "ಹತ್ತು ಹೆಜ್ಜೆವರೆಗೂ ಹೋದೆ ಅಣ್ಣ," ಎಂದಳು.

"ಗೊತ್ತು. ಹಸಿ ಮಣ್ಣಲ್ಲಿ ಇಬ್ಬರ ಹೆಜ್ಜೆ ಇತ್ತು." ಕೌಂಟರಿನ ಮೇಲೆ ಕೈಯೂರಿದರು. "ಬೇಲಿ ಪಕ್ಕ ಸಿಕ್ತು. ಕಾಗೆಗಳು ಕುಕ್ಕಿ ಹಾಕಿದ್ವು. ಅಲ್ಲೇ ಮಣ್ಣು ಮಾಡಿ ಬಂದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಅಕ್ಕನಿಗೆ ಕಾಣ್ತಾ?"

"ಕಾಣ್ತು."

"ಅಷ್ಟಾದ್ರೂ ಆಯ್ತಲ್ಲ," ಎಂದು ಅವರು ಹೊರಟರು.

ಮುಂದಿನ ಚಳಿಗಾಲದ ಹೊತ್ತಿಗೆ ಅಕ್ಕನಿಗೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅಂಚೆಯಣ್ಣ ತಿಂಗಳು ತಿಂಗಳು ಮಾತ್ರೆ ಒಯ್ಯುತ್ತಿದ್ದರು, ಮಂಡಿನೋವಿನ ಮಾತಾಡುತ್ತಿದ್ದರು. ನದಿ ದಂಡೆಯಲ್ಲಿ ಒಂದು ಗೂಬೆ ಬಂದಿದೆ, ಗುಂಪಿನ ಉಳಿದ ಆರು ಜನರೂ ನೋಡಿ ಬಂದರು ಎಂಬ ಸುದ್ದಿ ಪುಟ್ಟಿಗೆ ತಿಳಿದದ್ದು ಅದು ಹೊರಟುಹೋದ ಮೇಲೆ, ಗುಂಪಿನಲ್ಲಿದ್ದ ಬ್ಯಾಂಕಿನ ಗುಮಾಸ್ತೆ ಬಾಯಿ ತಪ್ಪಿ ಹೇಳಿದಾಗ. ಪುಟ್ಟಿ ಯಾರನ್ನೂ ಕೇಳಲಿಲ್ಲ. ಕೇಳುವ ಮುಖ ತನಗಿಲ್ಲ ಎಂದುಕೊಂಡಳು.

ಆ ಮಧ್ಯಾಹ್ನ ಬಟಾಣಿ ಬಿಡಿಸುತ್ತ ಅಕ್ಕ ಕೇಳಿದಳು, "ಈ ಸಲ ಅಂಚೆಯಣ್ಣ ಏನೂ ಹೇಳಲಿಲ್ವಾ?"

"ಯಾವ ಗೂಬೆನೂ ಬಂದಿಲ್ವಂತೆ."

ಅಕ್ಕನ ಬೆರಳು ನಿಂತವು. "ಅವತ್ತು ಕಾಗೆ ಕೂಗಿದ್ದು ನನಗೂ ಕೇಳಿಸ್ತು, ಪುಟ್ಟಿ. ಕಾಗೆ ಯಾವಾಗ ಹಾಗೆ ಕೂಗುತ್ತೆ ಅಂತ ನಿನಗೆ ಹೇಳಿಕೊಟ್ಟಿದ್ದೇ ನಾನು."

ಪುಟ್ಟಿ ಮೊರವನ್ನು ತನ್ನತ್ತ ಎಳೆದುಕೊಂಡಳು.

"ಬದುಕ್ತಾ ಅದು?"

ಒಂದು ವರ್ಷ ಅಕ್ಕ ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದಳು.

"ಇಲ್ಲ ಅಕ್ಕ."

ಅಕ್ಕ ತಡಕಾಡಿ ತಂಗಿಯ ಮೊಣಕೈ ಹಿಡಿದಳು. "ಸಾಕು ಅಂದಿದ್ದೆನಲ್ಲೇ," ಎಂದಳು. ಹಿಡಿದ ಕೈ ಬಿಡದೆ, "ಅಂಚೆಯಣ್ಣನಿಗೆ ಮಾತ್ರ ನಾನು ನೋಡಿದೆ ಅಂತಲೇ ಇರಲಿ," ಎಂದಳು.

ಪುಟ್ಟಿ ಹ್ಞೂಂ ಎಂದಳು. ಅರ್ಧ ಬಿಡಿಸಿದ ಬಟಾಣಿ ಮೊರದಲ್ಲಿ ಹಾಗೆಯೇ ಉಳಿಯಿತು. ಅವತ್ತು ಇಬ್ಬರೂ ಊಟಕ್ಕೆ ತುಂಬ ತಡವಾಗಿ ಎದ್ದರು.