ಅಳಿಸದ ಉಬ್ಬು

"ಆಂಟಿ, ತಪ್ಪು ತಿಳ್ಕೋಬೇಡಿ. ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಯಾಕೆ?" ಎಂದ ವೈಭವ್.

ಮಣಿಪಾಲದಿಂದ ಬಂದ ಅವನು ಮಲೇಷ್ಯಾದ ಪೆಟಾಲಿಂಗ್ ಜಯಾದ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್‌ಳ ಪಿಎಚ್‌ಡಿ ಗೈಡ್. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು. ಮಂಗಳೂರಿನಲ್ಲಿ ಎಂಎಸ್ಸಿ ಮುಗಿಸಿ, ಮದುವೆಯಾಗಿ ಅಲ್ಲೇ ಹತ್ತಿರದ ಮಾಂಟ್ ಕಿಯಾರಾಕ್ಕೆ ಬಂದಿದ್ದ ಕ್ಯಾಥರಿನ್, ಮಕ್ಕಳು ಕಾಲೇಜು ಸೇರಿದ ಮೇಲೆ ಮತ್ತೆ ರಸಾಯನಶಾಸ್ತ್ರ ಹಿಡಿದಿದ್ದಳು. ಗ್ರಾಫೈಟನ್ನು ಆಮ್ಲದಲ್ಲಿ ಪಳಗಿಸಿ, ಪದರ ಪದರವಾಗಿ ಬಿಡಿಸಿ ಗ್ರಾಫೀನ್ ಆಕ್ಸೈಡ್ ಮಾಡುವುದು ಅವಳ ಸಂಶೋಧನೆ. ಆ ಬೆಳಿಗ್ಗೆ ಎಕ್ಸ್-ರೇ ಪರೀಕ್ಷೆಯ ಗ್ರಾಫ್ ಬಂದಿತ್ತು: ಇಪ್ಪತ್ತಾರು ಡಿಗ್ರಿಯಲ್ಲಿ ಈಟಿಯಂಥ ಗೆರೆ. ಅಂದರೆ ಪುಡಿ ಇನ್ನೂ ಬರೀ ಗ್ರಾಫೈಟೇ. ಮುಂದುವರಿಯಬಹುದೇ ಎಂದು ತೀರ್ಮಾನಿಸುವ ಪರಿಶೀಲನಾ ಸಮಿತಿ ಕೂರುವ ಮೊದಲೇ ಸಂಶೋಧನೆ ಬಿಟ್ಟುಬಿಟ್ಟರೆ ಮರ್ಯಾದೆ ಎಂಬುದು ವೈಭವನ ಸಲಹೆ.

"ಲ್ಯಾಬಲ್ಲಿ ನಾನು ಆಂಟಿ ಅಲ್ಲ, ಸ್ಟೂಡೆಂಟ್. ಇನ್ನೊಂದು ಬ್ಯಾಚ್ ಮಾಡ್ತೇನೆ."

"ಕೆಮಿಕಲ್ಸ್ ಸುಮ್ಮನೆ ವೇಸ್ಟ್ ಆಗ್ತದೆ."

"ನೀವು ಕಲಿಯುವಾಗ ಎಂತದೂ ವೇಸ್ಟ್ ಆಗ್ಲಿಲ್ವಾ ಸರ್?"

ವೈಭವ್ ಗ್ರಾಫನ್ನು ಅವಳತ್ತ ಸರಿಸಿ ಹೊರಟ.

ಎಡವಿದ್ದು ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಪುಡಿ ದಪ್ಪಗಿತ್ತು, ಕಲಕುವುದನ್ನು ಅವಸರದಲ್ಲಿ ನಿಲ್ಲಿಸಿದ್ದಳು. ಈ ಸಲ ನಯವಾದ ಪುಡಿ ತಂದಳು. ಪಾತ್ರೆಯನ್ನು ಮಂಜುಗಡ್ಡೆಯಲ್ಲಿ ಕೂರಿಸಿ, ಬಿಸಿ ಏರಿದರೆ ಅಪಾಯವೆಂದು ಥರ್ಮಾಮೀಟರಿನಿಂದ ಕಣ್ಣು ಕೀಳದೆ, ಪರ್ಮಾಂಗನೇಟನ್ನು ಚಿಟಿಕೆ ಚಿಟಿಕೆಯಾಗಿ ಹಾಕಿದಳು. "ಮಕಾನ್ ಫಸ್ಟ್ ಲಾ," ಮೊದಲು ಊಟ ಎಂದು ಜೊತೆಯ ವಿದ್ಯಾರ್ಥಿನಿ ನಿಖಿತಾ ಮಲಯ್ ಬೆರೆಸಿ ಕರೆದರೂ ಕದಲಲಿಲ್ಲ. ಮರುದಿನ ಪೆರಾಕ್ಸೈಡ್ ಬಿದ್ದದ್ದೇ ತಡ, ಕೆಸರಿನಂಥ ದ್ರವ ಹೊಂಬಣ್ಣಕ್ಕೆ ತಿರುಗಿತು, ಗ್ರಾಫೈಟ್ ಬದಲಾಗಿದೆ ಎಂಬ ಸೂಚನೆ. ಕ್ಯಾಥರಿನ್‌ಗೆ ಕುಣಿಯಬೇಕು ಅನಿಸಿತು.

ಹೊಸ ಗ್ರಾಫಿನಲ್ಲಿ ಹತ್ತು ಡಿಗ್ರಿಯ ಬಳಿ ಎತ್ತರದ ಶಿಖರ ಎದ್ದಿತ್ತು. ಗ್ರಾಫೀನ್ ಆಕ್ಸೈಡಿನ ಗುರುತು. ಆದರೆ ಇಪ್ಪತ್ತಾರರಲ್ಲಿ ಒಂದು ಸಣ್ಣ ಉಬ್ಬು ಉಳಿದಿತ್ತು.

"ಚೆನ್ನಾಗಿದೆ! ಆ ಉಬ್ಬು ಮಾತ್ರ ಗ್ರಾಫಿಂದ ಅಳಿಸಿಬಿಡಿ," ಎಂದ ವೈಭವ್.

"ಇದ್ದದ್ದು ಇರ್ಲಿ."

"ಕಮಿಟಿ ಕೇಳಿದ್ರೆ ನಾನು ನಿಮ್ಮ ಪರ ಮಾತಾಡೋದಿಲ್ಲ."

"ಬೇಡ ಸರ್. ನನಗೆ ಬಾಯಿ ಇದೆ."

ಸಮಿತಿಯ ಅಧ್ಯಕ್ಷೆ ಮೊದಲು ಬೆರಳಿಟ್ಟದ್ದೇ ಆ ಉಬ್ಬಿನ ಮೇಲೆ. ವೈಭವ್ ನೆಲ ನೋಡಿದ. ಕ್ಯಾಥರಿನ್ ಗ್ರಾಫಿನ ಮುಂದೆ ಬಂದು ನಿಂತಳು. ಒಳಗೆ ಸ್ವಲ್ಪ ಗ್ರಾಫೈಟ್ ಉಳಿದಿದೆ, ಅದನ್ನು ಮುಚ್ಚಿಡಲು ತಾನು ಬಂದಿಲ್ಲ, ಇನ್ನಷ್ಟು ಹೊತ್ತು ಕಲಕಿ ತೆಗೆಯುತ್ತೇನೆ ಎಂದು ವಿವರಿಸಿದಳು. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಒಂದಕ್ಕೂ ಹಿಂದೆ ಸರಿಯಲಿಲ್ಲ. ಕೊನೆಗೆ, ಮುಂದುವರಿಸಲಿ ಎಂದು ಸಮಿತಿ ಒಪ್ಪಿತು.

ಹೊರಗೆ ವೈಭವ್ ಏನೋ ಹೇಳಲು ಬಾಯಿ ತೆರೆದ. ಕ್ಯಾಥರಿನ್ ನಿಲ್ಲಲಿಲ್ಲ. ನಾಳೆಯ ಬ್ಯಾಚಿಗೆ ಲ್ಯಾಬಿನಲ್ಲಿ ಜಾಗ ಕಾದಿರಿಸಲು ಬಿರಬಿರನೆ ಮೆಟ್ಟಿಲಿಳಿದಳು.