ಹೀರಾಬಾಯಿ ಉಡದೆ ಇಟ್ಟ ಸೀರೆ

ಮಾಜಾಳಿಯ ದಂಡೆಯಲ್ಲಿ ಮೀನು ಒಣಗಲು ಹಾಕಿದರೆ ಸಾಕು, ಊರಿನ ನಾಯಿಗಳೆಲ್ಲ ಅಲ್ಲೇ. ಅಟ್ಟಿದರೆ ನಾಲ್ಕು ಹೆಜ್ಜೆ ಓಡುತ್ತವೆ, ಮತ್ತೆ ತಿರುಗಿ ನಿಲ್ಲುತ್ತವೆ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟಿದ್ದ ಎಂಟು ವರ್ಷದ ನಿಶಾಳ ಮೇಲೆ ಒಂದು ಕಂದು ನಾಯಿ ಸುಮ್ಮಸುಮ್ಮನೆ ಎರಗಿತು. ಕಾಲಿನ ಮೀನಖಂಡ ಕಚ್ಚಿ, ದಂಡೆಗುಂಟ ಓಡಿಹೋಯಿತು. ಯಾರ ನಾಯಿ, ಎಲ್ಲಿಯದು, ಯಾರಿಗೂ ಗೊತ್ತಿಲ್ಲ.

ಅಜ್ಜಿ ಹೀರಾ ತಡ ಮಾಡಲಿಲ್ಲ. ನಾಟಿ ಔಷಧ ಕೊಡುವವನ ಮನೆಗೆ ಓಡಿ ಬೇರು ಅರೆದ ಉಂಡೆ ತಂದಳು. ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಮೆತ್ತಿದಳು. ಹುಡುಗಿ ಊರಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಔಷಧದವ ಪಥ್ಯವನ್ನೂ ಹೇಳಿದ್ದ. ಒಂಬತ್ತು ದಿನ ಮೀನು ಮುಟ್ಟಬಾರದು, ಹರಿಯುವ ಹೊಳೆ ದಾಟಬಾರದು.

ದೊಡ್ಡ ಆಸ್ಪತ್ರೆ ಇರುವುದು ಕಾರವಾರದಲ್ಲಿ. ಕಾರವಾರಕ್ಕೆ ಹೋಗಬೇಕಾದರೆ ಕಾಳಿ ಹೊಳೆಯ ಸೇತುವೆ ದಾಟಲೇಬೇಕು.

ನಿಶಾಳ ಅಪ್ಪ ಮಂಗೇಶ ಕೆಲಸಕ್ಕೆಂದು ಮೊದಲ ಬಸ್ಸಿಗೇ ಗೋವಾಕ್ಕೆ ಹೋಗಿದ್ದ. ಅತ್ತೆಗೆ ಎದುರಾಡಿ ಗೊತ್ತಿಲ್ಲದ ಸೊಸೆ ಕಲಾವತಿ, ಅತ್ತೆಗೆ ಹೇಳದೆ ಆರೋಗ್ಯ ಕಾರ್ಯಕರ್ತೆ ಜಯಂತಿಗೆ ಹೇಳಿಕಳಿಸಿದಳು.

ಜಯಂತಿ ಬಂದವಳೇ ಗಾಯ ನೋಡಿ ಸಿಡಿದಳು. "ಯಾರು ಇದನ್ನ ಮೆತ್ತಿದ್ದು? ಬಂಗಡೆ ಮೀನಿಗೆ ಮಸಾಲೆ ಹಚ್ಚಿದ ಹಾಂಗೆ ಹಚ್ಚಿದ್ರಲ್ಲ ಮಗೂಗೆ! ಕಲಾವತಿ, ಸಾಬೂನು ತಕಂಬಾ. ನೀರು ಹೊಯ್ತಾ ಇರು. ಹದಿನೈದು ನಿಮಿಷ. ನಾ ಸಾಕು ಅನ್ನೂ ತನ್ಕ ನಿಲ್ಸಬೇಡ."

ಬಾವಿಯ ಕೊಡಪಾನ ನಾಲ್ಕು ಸಲ ಬರಿದಾಯಿತು. ಗಾಯ ಶುದ್ಧವಾಯಿತು. "ಹೂಂ, ಈಗ ಟೆಂಪೊ ಹತ್ತುದು" ಎಂದಳು ಜಯಂತಿ.

ಹೀರಾ ಹೊಸ್ತಿಲಿಗೆ ಅಡ್ಡ ನಿಂತಳು. "ಹೊಳೆ ದಾಟ್ಸೂಕೆ ನಾ ಬಿಡೂದಿಲ್ಲ ಅಕ್ಕೋರೆ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಬೇರೆ ಚುಚ್ತ್ರು."

"ಅದು ಹಳೇ ಕತೆ. ಈಗ ತೋಳಿಗೆ. ಐದೇ ಐದು."

"ಒಂದೇ ಇರ್ಲಿ. ಹೊಳೆ ದಾಟೂದು ಬೇಡ. ನನ್ನ ತಮ್ಮ ಬಾಬು ಹಾಂಗೇ ಹೋದ." ಹೀರಾ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಳು. "ಆಗ ಸೇತುವೆ ಇಲ್ಲಾಗಿತ್ತು. ಕೋಡಿಬಾಗದ ತವರಲ್ಲಿ ಅವಂಗೆ ನಾಯಿ ಕಚ್ಚಿತು. ಪಥ್ಯ ಮಾಡ್ತಾ ಇದ್ದ. ಎಂಟನೇ ದಿನಕ್ಕೆ ಚೌತಿ ಬಂತು. ಅಕ್ಕಂಗೆ ಸೀರೆ ಕೊಡದೆ ಹ್ಯಾಂಗೆ ಹೇಳಿ ದೋಣಿ ಹತ್ತಿ ಬಂದ. ನಂಗಾಗಿ ಹೊಳೆ ದಾಟ್ದ. ಎರಡು ತಿಂಗ್ಳಿಗೆ... ಬಾಯಾರ್ತದೆ ಅಂತಿದ್ದ, ನೀರಿನ ತಂಬಿಗೆ ಕಂಡ್ರೆ ಚೀರ್ತಿದ್ದ."

ನಲವತ್ತೈದು ವರ್ಷದಿಂದ ಆ ಸೀರೆ ಪೆಟ್ಟಿಗೆಯ ತಳದಲ್ಲಿತ್ತು. ಹೀರಾ ಒಂದು ದಿನವೂ ಅದನ್ನು ಉಟ್ಟಿರಲಿಲ್ಲ. ಕಲಾವತಿಗೂ ಇದು ಗೊತ್ತಿರಲಿಲ್ಲ.

ಜಯಂತಿಯ ಸಿಟ್ಟು ಇಳಿಯಿತು. ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಕೇಳಿದಳು. "ಆ ನಾಯಿ ಮತ್ತೆ ಯಾರಿಗೆ ಕಚ್ಚಿತ್ತು ಹೀರಾಬಾಯಿ?"

"ಜನಕ್ಕೆ ಇಲ್ಲ. ತವರಿನ ಕೊಟ್ಟಿಗೆ ಕರುಗೆ. ಬಾಬುಗಿಂತ ಮೊದ್ಲೇ ಅದೂ ಹೋಯ್ತು, ಜೊಲ್ಲು ಸುರಿಸ್ಕಂಡು."

"ಕರು ಹೊಳೆ ದಾಟಿತ್ತಾ?"

"ಕಟ್ಟಿ ಹಾಕಿದ ಕರು ಎಲ್ಲಿ ದಾಟ್ತದೆ ಮಾರಾಯ್ತಿ?"

"ಮತ್ತೆ? ಕದ್ದು ಬಂಗಡೆ ತಿಂದಿತ್ತಾ?"

ಹೀರಾ ಹೊಸ್ತಿಲ ಮೇಲೇ ಕೂತಳು.

ಜಯಂತಿ ಅವಳ ಕೈ ಹಿಡಿದಳು. "ನಿಮ್ಮ ತಮ್ಮನ್ನ ಕೊಂದದ್ದು ಹೊಳೆ ಅಲ್ಲ, ಸೀರೆ ಅಲ್ಲ. ನೀವಂತೂ ಅಲ್ಲವೇ ಅಲ್ಲ. ನಾಯಿ ಜೊಲ್ಲಲ್ಲಿ ಇದ್ದ ರೋಗ. ಅದು ಗಾಯದಿಂದ ನರ ಹಿಡ್ಕಂಡು ಮಿದುಳಿಗೆ ಏರ್ತದೆ. ಏರೂ ಮೊದ್ಲು ಸೂಜಿ ಬಿದ್ರೆ ತಡೀಬಹುದು. ರೋಗ ಕಾಣಿಸ್ಕಂಡ ಮೇಲೆ ಯಾವ ಡಾಕ್ಟರ ಹತ್ರವೂ ಔಷಧ ಇಲ್ಲ. ಬಾಬುಗೆ ಇದನ್ನ ಯಾರೂ ಹೇಳಲಿಲ್ಲ. ನಿಮಗೆ ಈಗ ನಾ ಹೇಳ್ತೆ."

ಹೀರಾ ಮೊಮ್ಮಗಳ ಕಾಲು ನೋಡಿದಳು. ಹಲ್ಲಿನ ಗುರುತು ನಾಲ್ಕು. ಬಾಬುವಿನ ಕಾಲಿನ ಮೇಲೂ ಹಾಗೇ ಇತ್ತು. ಅವಳು ಎದ್ದು ಹೊಸ್ತಿಲು ಬಿಟ್ಟು ಇಳಿದಳು. "ಏ ಕಲಾ, ಎಂತಾ ನೋಡ್ತೆ? ಓಡು, ಟೆಂಪೊ ನಿಲ್ಸು. ನಾನೂ ಬತ್ತೆ."

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರು ಗಾಯವನ್ನು ಮತ್ತೊಮ್ಮೆ ತೊಳೆಸಿದರು. ಹೊಲಿಗೆ ಹಾಕಲಿಲ್ಲ. ಹಲ್ಲು ಆಳಕ್ಕೆ ಇಳಿದಿದ್ದರಿಂದ ಗಾಯದ ಸುತ್ತ ಒಂದು ಔಷಧ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು. ಮುಂದಿನ ಲಸಿಕೆಗಳು ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೆಂಟನೇ ದಿನ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಪಥ್ಯ ಏನೂ ಇಲ್ಲ ಎಂದರು. ಆ ಮಧ್ಯಾಹ್ನ ನಿಶಾ ಎರಡು ಬಂಗಡೆ ತಿಂದಳು.

ಮೂರು ಸೂಜಿ ಮುಗಿದ ಮೇಲೆ ಮಂಗೇಶ ಹೇಳಿದ, "ಆಯಿ, ಗಾಯ ಮಾಯ್ತಲ್ಲ. ಇನ್ನೆಂತಕ್ಕೆ ತಿರುಗಾಡೂದು?"

"ಬಾಬುನ ಗಾಯವೂ ಮಾಯ್ದಿತ್ತು!" ಎಂದು ಹೀರಾ ಗದರಿದಳು. "ನೀ ನಿನ್ನ ಕೆಲಸಕ್ಕೆ ಹೋಗು. ನಾ ಕರ್ಕಂಡು ಹೋಗ್ತೆ."

ಇಪ್ಪತ್ತೆಂಟನೇ ದಿನ ಹೀರಾ ಪೆಟ್ಟಿಗೆ ತೆಗೆದಳು. ಮಡಿಕೆಯ ಗೆರೆಗಳಲ್ಲಿ ಸೀರೆ ಅಲ್ಲಲ್ಲಿ ಪಿಸಿದಿತ್ತು. ಆದರೂ ಅದನ್ನೇ ಉಟ್ಟಳು. ಟೆಂಪೊ ಕಾಳಿ ಸೇತುವೆಗೆ ಬಂದಾಗ ನಿಶಾ ಸೆರಗು ಮುಟ್ಟಿ ಕೇಳಿದಳು, "ಅಜ್ಜಿ, ಹೊಸದಾ?"

"ಹೌದು ಮಗಾ. ನನ್ನ ತಮ್ಮ ಕೊಟ್ಟದ್ದು" ಎಂದಳು ಹೀರಾ, ಹೊಳೆ ನೋಡುತ್ತ.

ಅಕ್ಕಂದಿರೆ, ಅಣ್ಣಂದಿರೆ, ಹೀರಾಬಾಯಿಗೆ ಇದು ತಿಳಿಯಲು ನಲವತ್ತೈದು ವರ್ಷ ಹಿಡಿಯಿತು. ನೀವು ಅಷ್ಟು ಕಾಯಬೇಡಿ. ನಾಯಿ, ಬೆಕ್ಕು, ಮಂಗ, ಯಾವುದೇ ಕಚ್ಚಲಿ, ಪರಚಲಿ, ಮೊದಲು ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಸುಣ್ಣ, ಮೆಣಸು, ಅರಿಸಿನ ನಿಮ್ಮ ಅಡುಗೆಮನೆಯಲ್ಲೇ ಇರಲಿ. ಅದೇ ದಿನ ಆಸ್ಪತ್ರೆಗೆ ಹೋಗಿ. ತಡವಾಗಿದ್ದರೆ ಇನ್ನೂ ತಡ ಮಾಡದೆ ಈಗಲೇ ಹೋಗಿ. ಡಾಕ್ಟರು ಹೇಳಿದಷ್ಟೂ ಸೂಜಿ ಹಾಕಿಸಿ, ನಡುವೆ ಬಿಡಬೇಡಿ. ಹೊಳೆ ಅಡ್ಡ ಬಂದರೆ, ಹೊಳೆ ದಾಟಿ.